ಮಾರಮ್ಮನ ಎಡಗಾಲು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿದ್ದ ಹೆಂಗಸು ಬಂಗಾರಪೇಟೆಯ ನೇಕಾರ್ತಿ ವೆಂಕಟಮ್ಮ. ಹಾಗಾಗಿ, ಗುಡಿಯ ಗೋಡೆಗೆ ತೂಗುಹಾಕಲು ಮಾರಮ್ಮನ ಚಿತ್ರ ನೇಯ್ದುಕೊಡಬೇಕೆಂದು ಬಂದ ಆಂಡರ್ಸನ್‌ಪೇಟೆಯ ಚಿತ್ರಗಾರ ಸೆಲ್ವರಾಜ್, ಇಡೀ ಚಿತ್ರ ಕೊಡದೆ ಕಾಲು ಬರೆದಿದ್ದ ಕಾಗದದ ತುಂಡನ್ನಷ್ಟೇ ಕೈಗಿಟ್ಟಾಗ ಅವಳ ಹುಬ್ಬು ಮೇಲೇರಿತು.

"ಮಿಕ್ಕಿದ್ದೆಲ್ಲಪ್ಪಾ?"

"ಬರೀತಾ ಇದೀನಕ್ಕಾ. ನೇಯ್ಗೆ ಕಾಲಿಂದ ತಾನೆ ಸುರು?"

ಅದೇನೋ ನಿಜ. ನೇಯ್ದದ್ದು ನೇಯ್ದಂತೆ ಮಗ್ಗದ ಉರುಳೆಗೆ ಸುತ್ತಿಕೊಳ್ಳುತ್ತದೆ. ಮುಗಿಸಿ ಬಿಚ್ಚುವವರೆಗೆ ಆ ಕಾಲನ್ನು ಮತ್ತೆ ಯಾರೂ ಕಾಣುವಂತಿಲ್ಲ. ಆದರೆ ಆ ಎಡಗಾಲಿಗೆ ಕಿರುಬೆರಳೇ ಇರಲಿಲ್ಲ! ಕೇಳಿದರೆ, "ಅಂಗೇ ಇರ್ಲಿ ಬಿಡಕ್ಕಾ" ಎಂದು ಮುಖ ತಿರುಗಿಸಿ ಹೊರಟೇಹೋದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದುಕೊಂಡಳು ವೆಂಕಟಮ್ಮ.

ಭಿನ್ನವಾದ ದೇವರನ್ನು ಯಾರಾದರೂ ಪೂಜಿಸುತ್ತಾರೆಯೇ? ಇವನು ದೇವಿಯನ್ನು ಅಣಕಿಸುತ್ತಿದ್ದಾನೋ, ಯಾರಿಗೋ ಮಾಟ ಮಾಡಿಸಲು ತನ್ನ ಕೈ ಬಳಸುತ್ತಿದ್ದಾನೋ? ಮಗಳು ಬಿಂದುಶ್ರೀ ಆಗಷ್ಟೇ ಬಸುರಾಗಿದ್ದಳು. ಊನವಾದ ಕಾಲನ್ನು ತಾನು ನೇಯ್ದು, ಹುಟ್ಟುವ ಕೂಸಿಗೂ ಅದೇ ಕಾಲು ಬಂದರೆ? ಯಾರಿಗೂ ಹೇಳದೆ ಐದನೆಯ ಬೆರಳನ್ನೂ ನೇಯ್ದು ಸುತ್ತಿಬಿಟ್ಟಳು.

ಆಮೇಲೂ ಚಿತ್ರ ತುಂಡು ತುಂಡಾಗಿಯೇ ಬಂತು. ಮುಖ ಬಂದದ್ದು ಎಲ್ಲಕ್ಕಿಂತ ಕಡೆಗೆ. ನೋಡಿದರೆ, ಯಾವ ಅಂಗಡಿಯ ಕ್ಯಾಲೆಂಡರಿನಲ್ಲೂ ಸಿಗುವ ದುಂಡನೆಯ ಮುಖ. ಇದನ್ನು ಬಚ್ಚಿಡಲು ಇಷ್ಟೆಲ್ಲ ಆಟವೇ ಎಂದು ಅವಳಿಗೆ ಇನ್ನಷ್ಟು ಅನುಮಾನ.

ಉರುಳೆಯಿಂದ ಬಿಚ್ಚಿ ಹಾಸಿದ ದಿನ ಸೆಲ್ವರಾಜ್ ದೇವಿಯ ಮುಖದ ಕಡೆ ನೋಡಲೇ ಇಲ್ಲ. ನೇರವಾಗಿ ಕಾಲಿನ ಬಳಿ ಕೂತು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ.

"ಯಾಕಕ್ಕಾ ಇಂಗ್ ಮಾಡ್ದೆ?"

"ಮತ್ತೆ? ಊನ ಇರೋ ಅಮ್ಮನ್ನ ನೇಯ್ದು ನನ್ ಮಗಳ್ ಬಸುರಿಗೆ ಕುತ್ತು ತಂದ್ಕೊಳ್ಲಾ?"

"ಅದು ನಮ್ಮಮ್ಮನ ಕಾಲಕ್ಕಾ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿನಾಗೆ ಕಲ್ಲು ಒರೋವಾಗ ಕಿರುಬೆರಳು ಓಯ್ತು. ನಾನು ಚಿಕ್ಕೋನಿದ್ದಾಗ್ಲೇ ಸತ್ತೋದ್ಲು, ಒಂದು ಫೋಟೋನೂ ಇಲ್ಲ. ಎಷ್ಟು ಬರುದ್ರೂ ಮುಖ ಗ್ಯಾಪಕಕ್ಕೆ ಬರ್ಲಿಲ್ಲ, ಕ್ಯಾಲೆಂಡರ್ ನೋಡಿ ಬರ್ದೆ. ಕಾಲೊಂದೇ ಅಮ್ಮನ್ದು."

ವೆಂಕಟಮ್ಮ ಹಾಸಿದ್ದನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಾಲು ತಿದ್ದಬೇಕೆಂದರೆ ತಲೆಯಿಂದ ಎಳೆ ಎಳೆಯಾಗಿ ಬಿಚ್ಚಿಕೊಂಡು ಬರಬೇಕು, ಇಷ್ಟು ತಿಂಗಳ ದುಡಿಮೆ. ಹೆರಿಗೆಗೆ ಬಂದಿದ್ದ ಬಿಂದುಶ್ರೀ ಒಳಗೆ ನರಳಿ ಮಗ್ಗುಲು ಬದಲಿಸಿದ್ದು ಕೇಳಿಸಿತು. ವೆಂಕಟಮ್ಮನ ಭಯವೇನೂ ಹೋಗಿರಲಿಲ್ಲ.

"ತಾಯೀ, ನೀನೇ ಕಾಯಬೇಕು" ಎಂದು, ಕಿರೀಟದ ಮೊದಲ ಎಳೆಯನ್ನು ಹಿಡಿದು ಎಳೆದಳು.