ಗುಬ್ಬಿಯ ಕೆನ್ನೆಯ ಕೆಂಪು

ನೀರು ನಮ್ಮ ಮಾತು ಕೇಳುವುದಿಲ್ಲ, ಅದರ ಮಾತು ನಾವು ಕೇಳಬೇಕು ಎಂದು ಡ್ರಾಯಿಂಗ್ ಮೇಷ್ಟ್ರು ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಹೇಳಿಕೊಂಡು ಬಂದವರು. ಬ್ರಶ್ ಅದ್ದುವ ಮುನ್ನ ನೀರಿನ ಲೋಟಕ್ಕೆ ಕೈಮುಗಿಯುತ್ತಿದ್ದರು. ಒದ್ದೆ ಕಾಗದದ ಮೇಲೆ ನೀಲಿ ತಾನಾಗಿ ಹರಡಿ ಆಕಾಶವಾಗುವುದನ್ನು ಕಂಡಾಗಲೆಲ್ಲ, ಬರೆಯುವವನು ಬೇರೆ ಇದ್ದಾನೆ, ನಾನು ಬರೀ ಕಾಗದ ಹಿಡಿದವನು ಎನ್ನುತ್ತಿದ್ದರು. ಎಣ್ಣೆಬಣ್ಣದ ಡಬ್ಬಿ ಮುಟ್ಟಿದವರೇ ಅಲ್ಲ. "ಅದು ಗೋಡೆಗೆ ಗಾರೆ ಮೆತ್ತಿದ ಹಾಗೆ ಕಣೇ" ಎಂದು ಹೆಂಡತಿಯನ್ನು ನಗಿಸುತ್ತಿದ್ದರು.

ಆ ಹೆಂಡತಿ ಹಾಸಿಗೆ ಹಿಡಿದು ಈಗ ಎರಡು ವರ್ಷ. ಕಣ್ಣೂ ಮಂಜು, ನೆನಪೂ ಮಂಜು. ಮಧ್ಯಾಹ್ನ ಮಲಗಿ ಎದ್ದಾಗ ಪರದೆ ಪೂರ್ತಿ ಸರಿಸಿ, ಬಿಸಿಲು ನೇರ ಬಿದ್ದರೆ ಮಾತ್ರ ಎದುರು ಗೋಡೆಯ ಚಿತ್ರ ಅವರಿಗೆ ಕಾಣುತ್ತಿತ್ತು. ಒಂಬತ್ತನೇ ವಯಸ್ಸಿಗೇ ಜ್ವರದಲ್ಲಿ ಹೋಗಿಬಿಟ್ಟ ಮಗಳು ಗುಬ್ಬಿಯ ಚಿತ್ರ. ಆಟ ಬಿಟ್ಟು ಓಡಿಬಂದವಳನ್ನು ಹಿಡಿದು ಕೂರಿಸಿ ಬರೆದದ್ದು. ಅವಳ ಮುಖವೆಂದು ಮನೆಯಲ್ಲಿ ಉಳಿದದ್ದು ಅದೊಂದೇ.

ಹೋದ ತಿಂಗಳು ಅಕ್ಕನನ್ನು ನೋಡಲು ಬಂದ ನಾದಿನಿ ಚಿತ್ರದ ಮುಂದೆ ನಿಂತಳು.

"ಭಾವ, ಗುಬ್ಬಿ ಯಾಕೋ ಬಿಳಿಚಿಕೊಂಡ ಹಾಗಿದೆಯಲ್ಲ? ನನ್ನ ಕನ್ನಡಕಕ್ಕೇ ವಯಸ್ಸಾಯ್ತೇನೋ."

"ನಿನ್ನ ಕನ್ನಡಕ ನೆಟ್ಟಗಿದೆ ತಾಯಿ" ಎಂದ ಮೇಷ್ಟ್ರು ಅವಳನ್ನು ಅಡುಗೆಮನೆಗೆ ಕರೆದು ಪಿಸುದನಿಯಲ್ಲಿ ಹೇಳಿದರು. ಚಿತ್ರ ಬರೆದಾಗ ಬಣ್ಣದ ಪೆಟ್ಟಿಗೆಯಲ್ಲಿ ಎರಡು ಕೆಂಪು ಇದ್ದವು. ಒಂದು ಮಂಕು, ಆದರೆ ಬಾಳಿಕೆಯದು. ಇನ್ನೊಂದು ಒಳಗೆ ದೀಪ ಹಚ್ಚಿಟ್ಟ ಹಾಗೆ ಹೊಳೆಯುವುದು. ಬಿಸಿಲು ಕಂಡರೆ ಹಾರಿಹೋಗುವುದು. ಗೊತ್ತಿದ್ದೂ ಹೊಳೆಯುವುದನ್ನೇ ಹಚ್ಚಿದ್ದರು.

"ಇಷ್ಟು ತಿಳಿದವರು, ಹಾಗ್ಯಾಕೆ ಮಾಡಿದ್ರಿ?"

"ಅವಳೇ ಎದುರಿಗೆ ಕೂತು ಕಾಲು ಅಲ್ಲಾಡಿಸ್ತಿದ್ಳಲ್ಲಮ್ಮ. ಚಿತ್ರ ಬಾಳಬೇಕು ಅಂತ ಯಾಕನ್ನಿಸುತ್ತೆ?"

"ಹಾಗಾದ್ರೆ ಪರದೆ ಎಳೆದುಬಿಡಿ."

"ಎಳೆದ್ರೆ ನಿಮ್ಮಕ್ಕನಿಗೆ ಕಾಣಲ್ಲ."

ನಾದಿನಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಮೇಷ್ಟ್ರು ನಕಲು ಬರೆಯಲೂ ಕೂತಿದ್ದರು, ಮೂರು ಸಲ. ಮೂರು ಸಲವೂ ಯಾರದೋ ಮನೆಯ ಹುಡುಗಿ ಮೂಡಿ ಕೂತಳು.

ಕಡೆಗೊಂದು ಮಧ್ಯಾಹ್ನ ಹೆಂಡತಿ ಕೇಳಿದರು: "ರೀ, ಗುಬ್ಬಿ ಇನ್ನೂ ಬಂದಿಲ್ವಾ? ಬರೀ ಕಾಗದ ಕಾಣ್ತಿದೆ."

ಮಾರನೆಯ ದಿನ ಅವರು ಮಲಗಿದ್ದಾಗ ಮೇಷ್ಟ್ರು ಚಿತ್ರ ಇಳಿಸಿ, ಗಾಜು ತೆಗೆದು, ಬಾಳಿಕೆಯ ಕೆಂಪು ಕಲಸಿದರು. ಲೋಟಕ್ಕೆ ಬಹಳ ಹೊತ್ತು ಕೈಮುಗಿದರು. ಕೆನ್ನೆಗೆ ಒಂದೇ ಒಂದು ಹನಿ ಮುಟ್ಟಿಸಿದರು.

ನಲವತ್ತು ವರ್ಷದ ಕಾಗದ. ನೀರು ತಡೆಯುವ ಅದರ ಅಂಟೆಲ್ಲ ಸತ್ತಿತ್ತು. ಬಣ್ಣ ಮೇಲೆ ನಿಲ್ಲದೆ ಒಳಗೆ ಇಂಗಿ ಕಿವಿಗೆ ಹರಿಯಿತು, ರೆಪ್ಪೆಗೆ ಹರಿಯಿತು. ಗಾಬರಿಯಲ್ಲಿ ಹತ್ತಿ ಒತ್ತಿದರು. ಹತ್ತಿಗೆ ಕೆಂಪಿನ ಜೊತೆ ಗುಬ್ಬಿಯ ಎಡಗಣ್ಣಿನ ಕಂದು ಬಣ್ಣವೂ ಎದ್ದು ಬಂತು.

"ರೀ... ಪರದೆ." ಹೆಂಡತಿಗೆ ಎಚ್ಚರವಾಗಿತ್ತು.

ಎಲ್ಲಿ ಬಚ್ಚಿಡುವುದು? ಒದ್ದೆ ಚಿತ್ರವನ್ನು ಹಾಗೆಯೇ ಗೋಡೆಗೆ ಹಾಕಿ ಪರದೆ ಸರಿಸಿದರು.

ಹೆಂಡತಿ ದಿಂಬಿನಿಂದ ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಬಂದ್ಳು ನೋಡಿ! ಎಷ್ಟು ಓಡಿದಾಳೋ ಕೋತಿ, ಮುಖ ಎಲ್ಲಾ ಕೆಂಪು. ಬೆವರು ಇಳೀತಿದೆ. ನೋಡ್ತಾ ನಿಂತಿದೀರಲ್ಲ, ಒರೆಸ್ರೀ."

"ಒರೆಸ್ತೀನಿ ಕಣೇ."

ಮೇಷ್ಟ್ರು ಹತ್ತಿ ಹಿಡಿದ ಕೈಯನ್ನು ಚಿತ್ರದ ಹತ್ತಿರ ಒಯ್ದು, ಕಾಗದಕ್ಕೆ ತಾಕದಂತೆ ಗಾಳಿಯಲ್ಲೇ ಮೆಲ್ಲಗೆ ಆಡಿಸಿದರು.

"ಸರಿಯಾಗಿ ಒರೆಸ್ರೀ" ಎಂದರು ಹೆಂಡತಿ.

ಬಿಸಿಲು ಗುಬ್ಬಿಯ ಗಲ್ಲ ದಾಟಿ ಉಳಿದ ಒಂದು ಕಣ್ಣಿನತ್ತ ಸರಿಯುತ್ತಿತ್ತು.