ಮುದ್ದೆಕೋಲು ಮುದ್ದೆಮಾಲಾದದ್ದು

ನಾನು ಒಂದು ಮುದ್ದೆಕೋಲು. ಹುಣಸೆ ಮರದ ಕೊಂಬೆಯಾಗಿ ಹುಟ್ಟಿದೆ, ಬಡಗಿ ವೀರಾಚಾರಿಯ ಉಳಿಯಿಂದ ರೂಪ ಪಡೆದೆ. ಕುದಿಯುವ ಎಸರಿಗೆ ಬಿದ್ದ ರಾಗಿ ಹಿಟ್ಟನ್ನು ಗಂಟಿಲ್ಲದಂತೆ ತಿರುವುವುದು ನನ್ನ ಕೆಲಸ. ಇಷ್ಟು ಸಾಧುವಾದ ನಾನು ಪೊಲೀಸ್ ಠಾಣೆಯಲ್ಲಿ ಮಲಗೆದ್ದು, ಕೋರ್ಟಿನ ಮೇಜು ಹತ್ತಿ ಬಂದಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ.

ಮಂಡ್ಯ ಕಡೆಯ ಒಂದು ಸಣ್ಣ ಪೇಟೆಯ ಹೊಂಗೆಮರದ ಬೀದಿ ನನ್ನ ವಾಸಸ್ಥಾನ. ಯಜಮಾನಿ ಜವರಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಶಾಲೆಯಲ್ಲಿ ಅನ್ನ, ಸಾಂಬಾರು. ಮನೆಯಲ್ಲಿ ಮಾತ್ರ ಮುದ್ದೆ. ಅವಳ ಮುದ್ದೆ ಬೆಣ್ಣೆಯಂತೆ ಇಳಿಯುತ್ತದೆ ಎಂದು ಬೀದಿಯವರು ಹೊಗಳಿದಾಗೆಲ್ಲ ನಾನು ಮೂಲೆಯಲ್ಲಿ ನಿಂತು ಬೀಗುತ್ತಿದ್ದೆ.

ಆ ಬೀದಿಗೆ ಇದ್ದದ್ದು ಒಂದೇ ನಲ್ಲಿ. ನೀರು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಒಂದು ದಿನ ನಾನು ಹಿಟ್ಟಿನ ಪಾತ್ರೆಯೊಳಗೆ ಅರ್ಧ ಮುಳುಗಿದ್ದಾಗ ಹೊರಗೆ 'ನೀರು ಬಂತು' ಎಂಬ ಕೂಗೆದ್ದಿತು. ಜವರಮ್ಮ ನನ್ನನ್ನು ಹಿಡಿದುಕೊಂಡೇ ಓಡಿದಳು. ಸಾಲಿನ ಮೊದಲಿಗೆ ಇಟ್ಟಿದ್ದ ಅವಳ ಬಿಂದಿಗೆ ಹಿಂದೆ ಸರಿದಿತ್ತು. ಆ ಜಾಗದಲ್ಲಿ ಪಕ್ಕದ ಮನೆಯ ಇಂದ್ರಮ್ಮನ ಬಿಂದಿಗೆ ಕೂತಿತ್ತು.

"ನನ್ ಬಿಂದ್ಗೆ ಯಾಕೆ ಎಳ್ದೆ?" ಎಂದಳು ಜವರಮ್ಮ.

"ಬಿಂದ್ಗೆ ಇಟ್ಬುಟ್ಟು ಒಲೆ ಮುಂದೆ ಕೂತ್ಕಂಡ್ರೆ ನೀರು ಕಾಯ್ತದಾ ಜವರಕ್ಕ?" ಎಂದಳು ಇಂದ್ರಮ್ಮ.

ಮಾತಿಗೆ ಮಾತು ಬೆಳೆಯಿತು. ನಾನು ಇಂದ್ರಮ್ಮನ ತೋಳಿನ ಮೇಲೆ ಬಿದ್ದೆ. ತೋಳು ಊದಿಕೊಂಡಿತು. ಅವಳ ತಮ್ಮ ಬಿಡದೆ ಠಾಣೆಗೆ ಕರೆದುಕೊಂಡು ಹೋಗಿ ದೂರು ಕೊಡಿಸಿದ.

ದಫೇದಾರ್ ಕರಿಗೌಡರು ಬಂದು ನನ್ನನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಚೀಟಿ ಕಟ್ಟಿದರು. ಅದರ ಮೇಲೆ 'ಮಾರಕಾಯುಧ' ಎಂದು ಬರೆದಿದ್ದರು. ಕೇಸಿಗೆಂದು ವಶಪಡಿಸಿಕೊಂಡ ಸಾಮಾನಿಗೆ ಪೊಲೀಸರ ಬಾಯಲ್ಲಿ 'ಮುದ್ದೆಮಾಲು' ಎಂದು ಹೆಸರು. ಅದು ನನಗೇನು ಗೊತ್ತು? ಮುದ್ದೆಮಾಲು ಅಂದರೆ ನನಗೇ ಇಟ್ಟ ಬಿರುದು ಅಂದುಕೊಂಡು ಖುಷಿಯಿಂದಲೇ ಹೋದೆ. ಮುದ್ದೆಮಾಲಿನ ಕೋಣೆಯಲ್ಲಿ ಹಿಟ್ಟಿನ ವಾಸನೆಯೂ ಇರಲಿಲ್ಲ. ಒಂದು ಕುಡುಗೋಲು, ಒಂದು ಸೈಕಲ್ ಚೈನು, ಒಂದು ಗುದ್ದಲಿ ಧೂಳು ತಿನ್ನುತ್ತಾ ಬಿದ್ದಿದ್ದವು. ಹುಲ್ಲು ಕೊಯ್ಯಲು ಹುಟ್ಟಿದ ಕುಡುಗೋಲು ಬದುವಿನ ಜಗಳದಲ್ಲಿ ಸಿಕ್ಕಿಬಿದ್ದಿತ್ತು. ಅಲ್ಲಿದ್ದ ನಾವ್ಯಾರೂ ಹೊಡೆಯುವುದಕ್ಕೆಂದು ಹುಟ್ಟಿದವರಲ್ಲ.

ಠಾಣೆಯ ಎಸ್‌ಐ ಚಂಪಕಾ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಓದಿದವರು. ಒಂದು ದಿನ ಕೋಣೆ ಸ್ವಚ್ಛ ಮಾಡಿಸುತ್ತಾ ಕರಿಗೌಡರಿಗೆ ಹೇಳಿದರು:

"ಹಿಂದೆ ಒಬ್ಬ ಪಂಡಿತರು ಕೈದಿಗಳ ದವಡೆ, ಕಿವಿ ಎಲ್ಲ ಅಳೆದು, ಅಪರಾಧಿ ಹುಟ್ಟುತ್ತಲೇ ಅಪರಾಧಿ ಅಂದುಬಿಟ್ಟಿದ್ದರು ಗೌಡ್ರೆ. ಆಮೇಲೆ ಬಂದವರು, ಮುಖ ನೋಡೋದು ಬಿಟ್ಟು ಅವರಿರೋ ಬೀದಿ ನೋಡಿ ಅಂದರು."

"ಆ ಪಂಡಿತ್ರು ನಮ್ ಮಾವನ ದವಡೆ ಅಳ್ದಿದ್ರೆ ನನ್ ಮದ್ವೇನೇ ಆಯ್ತಿರ್ಲಿಲ್ಲ ಮೇಡಂ!"

ಚಂಪಕಾ ಜೋರಾಗಿ ನಕ್ಕರು. ಆಮೇಲೆ ನನ್ನನ್ನು ಎತ್ತಿ ಹಿಡಿದು ಕೇಳಿದರು: "ಹೊಂಗೆಮರದ ಬೀದಿಯಿಂದ ನಲ್ಲಿ ನೀರು ಬಂದ ದಿನ ಬಿಟ್ಟು ಬೇರೆ ದಿನ ಒಂದು ಗಲಾಟೆ ಕೇಸಾದರೂ ಬಂದಿದೆಯಾ? ಹಾಗಂತ ಹೊಡೆದದ್ದು ಸರಿ ಅಲ್ಲ. ಆದರೆ ಕೋಲನ್ನ ಮಾತ್ರ ಒಳಗೆ ಹಾಕಿ ನಲ್ಲಿಯನ್ನ ಹೊರಗೆ ಬಿಟ್ಟರೆ ಏನು ಪ್ರಯೋಜನ?"

ಕರಿಗೌಡರು ತಲೆ ಕೆರೆದುಕೊಂಡರು. ನನಗೆ ಮಾತ್ರ ಆ ಮೇಡಂ ಮೇಲೆ ಬಹಳ ಪ್ರೀತಿ ಬಂತು.

ಕೋರ್ಟಿನಲ್ಲಿ ಇದ್ದ ಪ್ರಶ್ನೆ ಒಂದೇ: ನಾನು ಯಾರು? ಮಾರಕಾಯುಧ ಎಂದಾದರೆ ರಾಜಿಗೆ ದಾರಿಯಿಲ್ಲ. ಜವರಮ್ಮನಿಗೆ ಶಿಕ್ಷೆಯಾಗಿ ಬಿಸಿಯೂಟದ ಕೆಲಸ ಹೋಗುತ್ತಿತ್ತು. ಅಡುಗೆ ಸಾಮಾನು ಎಂದಾದರೆ ಇಬ್ಬರೂ ರಾಜಿಯಾಗಬಹುದಿತ್ತು. ನನ್ನ ಯಜಮಾನಿಯ ಅನ್ನ ನನ್ನ ಹೆಸರಿನ ಮೇಲೆ ನಿಂತಿತ್ತು. ನನಗೆ ನಿಜವಾಗಿಯೂ ಭಯವಾಗಿತ್ತು.

ವಿಚಾರಣೆಯ ದಿನ ಜವರಮ್ಮ ಒಂದು ಕುಕ್ಕೆ ಹೊತ್ತು ಬಂದಳು. ಬಟ್ಟೆ ಸರಿಸಿದರೆ ಹಬೆಯಾಡುವ ಮುದ್ದೆಗಳು! ನ್ಯಾಯಾಧೀಶರು ಕನ್ನಡಕ ಏರಿಸಿದರು.

"ಇದೇನಮ್ಮ?"

"ಮುದ್ದೆ ಸ್ವಾಮಿ. ಕೋರ್ಟ್ನಲ್ಲಿ ಮುದ್ದೆಮಾಲು ತೋರಿಸ್ಬೇಕು ಅಂತ ದಫೇದಾರ್ರು ಹೇಳುದ್ರು. ಮಾಲು ಅಂದ್ರೆ ಸಾರಿರ್ಬೇಕು ಅಂತ ಬಸ್ಸಾರೂ ತಂದಿವ್ನಿ."

ಕರಿಗೌಡರು ಮುಖ ಮುಚ್ಚಿಕೊಂಡರು. ನ್ಯಾಯಾಧೀಶರು ನಗು ತಡೆದುಕೊಂಡು ನನ್ನತ್ತ ಕೈ ತೋರಿಸಿದರು.

"ನಿಮ್ಮ ಕೋಲು ಇಲ್ಲಿದೆ. ಮತ್ತೆ ಮುದ್ದೆ ಯಾವುದರಲ್ಲಿ ತಿರುವಿದಿರಿ?"

"ಇಂದ್ರಮ್ಮನ ಕೋಲು ಈಸ್ಕಂಡೆ ಸ್ವಾಮಿ."

ನನಗೆ ಹೊಟ್ಟೆ ಉರಿಯಿತು. ನ್ಯಾಯಾಧೀಶರು ಇಂದ್ರಮ್ಮನ ಕಡೆ ತಿರುಗಿದರು.

"ನಿಮಗೆ ಹೊಡೆದವರ ಕೈಗೆ ನೀವೇ ಕೋಲು ಕೊಟ್ಟಿರಾ?"

"ಕೊಡ್ದೆ ಏನ್ ಮಾಡ್ಲಿ ಸ್ವಾಮಿ? ನಮ್ ಜಗಳ ಇರೋದು ನೀರಿಗೆ. ಹಿಟ್ಟಿಗೆ ಏನೂ ಜಗಳ ಇಲ್ವಲ್ಲ."

ಇಡೀ ಕೋರ್ಟು ನಕ್ಕಿತು. ನ್ಯಾಯಾಧೀಶರು ನನ್ನ ತುದಿಗೆ ಅಂಟಿ ಒಣಗಿದ್ದ ಹಿಟ್ಟನ್ನು ನೋಡಿದರು, ಕುಕ್ಕೆಯನ್ನು ನೋಡಿದರು. "ಇದು ಅಡುಗೆ ಸಾಮಾನು" ಎಂದು ಹೇಳಿ ರಾಜಿಗೆ ಅವಕಾಶ ಕೊಟ್ಟರು, ನನ್ನನ್ನು ಯಜಮಾನಿಗೆ ವಾಪಸ್ ಕೊಡಿಸಿದರು. ಜವರಮ್ಮ ಇಂದ್ರಮ್ಮನ ತೋಳು ಸವರಿ, "ತಪ್ಪಾಯ್ತು ಕಣೇ ಇಂದ್ರ" ಎಂದು ಅತ್ತೇಬಿಟ್ಟಳು. ಹೊರಗೆ ಬೇವಿನ ಮರದ ಕೆಳಗೆ ಇಬ್ಬರೂ ಕೂತು ಮುದ್ದೆ ಉಂಡರು. ಕರಿಗೌಡರಿಗೂ ಒಂದು ಸಿಕ್ಕಿತು.

ಚಂಪಕಾ ಮೇಡಂ ಪುರಸಭೆಗೆ ಅಲೆದು ಅಲೆದು ಬೀದಿಯ ಇನ್ನೊಂದು ತುದಿಗೂ ನಲ್ಲಿ ಹಾಕಿಸಿದರು. ಈಗಲೂ ಆ ಬೀದಿಯವರು ಬಾಯಿ ಮಾಡುತ್ತಾರೆ, ಆದರೆ ಠಾಣೆಯವರೆಗೆ ಹೋಗುವುದು ಅಪರೂಪ.

ನನಗೀಗ ವಯಸ್ಸಾಗಿದೆ. ತುದಿ ಸವೆದು ತೆಳ್ಳಗಾಗಿದ್ದೇನೆ. ಹೊಸ ಕೋಲು ಬಂದ ಮೇಲೆ ನನಗೆ ಮೂಲೆಯೇ ಗತಿ. ಸುಮ್ಮನೆ ನಿಂತಾಗ ಅಪರಾಧಶಾಸ್ತ್ರವನ್ನು ನನ್ನದೇ ರೀತಿಯಲ್ಲಿ ಯೋಚಿಸುತ್ತೇನೆ. ಎಸರು ಸರಿಯಿಲ್ಲದಿದ್ದರೆ ಗಂಟಾಗುತ್ತದೆ, ತಿರುವುವ ಕೈ ತಪ್ಪಿದರೂ ಗಂಟಾಗುತ್ತದೆ. ಹಿಟ್ಟನ್ನೊಂದನ್ನೇ ಬೈದು ಏನು ಬಂತು?

ಮೊನ್ನೆ ಇಂದ್ರಮ್ಮ ಬಾಗಿಲಲ್ಲಿ ನಿಂತು, "ಜವರಕ್ಕ, ನನ್ ಕೋಲು ಮುರ್ದೋಯ್ತು. ಆ ಕೋರ್ಟ್ ಕೋಲು ಕೊಡಕ್ಕ" ಎಂದಳು. ಜವರಮ್ಮ ಕೊಟ್ಟಳು. ಇಂದ್ರಮ್ಮ ನನ್ನನ್ನು ಹಿಡಿದದ್ದು ಅಂದು ಊದಿಕೊಂಡಿದ್ದ ಅದೇ ಕೈಯಲ್ಲಿ. ಅವಳ ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ನಾನು ಹಿಟ್ಟಿನೊಳಗೆ ಇಳಿದೆ. ಒಂದು ಗಂಟೂ ಆಗದ ಹಾಗೆ ನೋಡಿಕೊಂಡೆ.