ಹೆಗಲು ಕೊಟ್ಟವಳು

ಅಪ್ಪನ ಕೋಟಿನ ತೋಳು ಗಿಡ್ಡ, ಮಣಿಕಟ್ಟು ಹೊರಗೇ ಉಳಿದಿದೆ, ಅಪ್ಪ ಅಷ್ಟೊಂದು ಕುಳ್ಳಗಿದ್ದನೇ ಅಥವಾ ತಾನೇ ಅವನನ್ನು ಮೀರಿ ಬೆಳೆದುಬಿಟ್ಟಳೇ, ಪೆಟ್ಟಿಗೆಯ ಅಂಚು ಸರಿಯಾಗಿ ಹೆಗಲ ಮೂಳೆಯ ಮೇಲೇ ಕೂತಿದೆ, ತುಸು ಒಳಗೆ ಸರಿಸಿಕೊಂಡರೆ ನೋವು ಕಡಿಮೆಯಾದೀತು, ಆದರೆ ಸರಿಸಿದರೆ ಅಮ್ಮ ಒಳಗೆ ಅಲುಗಿಯಾಳು – ಬೇಡ, ಹಾಗೇ ಇರಲಿ. ಆಚೆ ಹೆಗಲಿಗೆ ತಮ್ಮ, ಹಿಂದೆ ಸಭೆಯ ನಾಲ್ವರು ಗಂಡಸರು, ಮುಂದೆ ಪಾದ್ರಿ, ಪಕ್ಕದಲ್ಲಿ ಸೋದರಮಾವ, ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತ ಸಭೆಯ ಹಿರಿಯನ ಗತ್ತನ್ನೂ ಬಿಡದೆ ನಡೆಯುತ್ತಿದ್ದಾನೆ. ಮೆಲ್ಲಗೆ ಅಣ್ಣಾ, ಮುಂದೆ ಮೆಟ್ಟಿಲಿದೆ, ಅಂದ ತಮ್ಮ. ಅಣ್ಣಾ. ಅಕ್ಕಾ, ಅಮ್ಮ ಹೋಗಿಬಿಟ್ಳು ಕಣೇ ಎಂದು ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತವನೂ ಇವನೇ, ಒಬ್ಬನೇ ಇದ್ದಾಗ ಬಾಯಿಗೆ ಬರುವ ಅಕ್ಕ ಜನರೆದುರು ಗಂಟಲಲ್ಲೇ ಉಳಿದುಬಿಡುತ್ತಾಳೆ, ಪಾಪ, ಅವನೂ ಈ ಜನರ ನಡುವೆಯೇ ಬಾಳಬೇಕಲ್ಲ. ಉಗುರಿನ ಬಣ್ಣ ಅಳಿಸಿದ ದ್ರವದ ವಾಸನೆ ಇನ್ನೂ ಬೆರಳಲ್ಲಿದೆ, ಬೆಳಿಗ್ಗೆ ಅಮ್ಮನ ಬಚ್ಚಲಲ್ಲೇ ನಿಂತು ಒಂದೊಂದೇ ಉಗುರು ಉಜ್ಜಿದ್ದಳು, ಓಲೆ ಬಿಚ್ಚಿಟ್ಟಿದ್ದಳು, ಕೂದಲನ್ನು ಕಟ್ಟಿ ಕಾಲರಿನೊಳಗೆ ತುರುಕಿದ್ದಳು, ಇದಕ್ಕೆಂದೇ ತಂದ ಕಪ್ಪು ಗೌನು ಮಡಿಕೆ ಬಿಚ್ಚದೆ ಚೀಲದಲ್ಲೇ ಉಳಿಯಿತು.

ನಿನ್ನೆ ಅಡುಗೆಮನೆಯಲ್ಲಿ ಮಾವ ಗದರಿಸಿದ್ದರೆ ತಿರುಗಿ ಗದರಿಸಬಹುದಿತ್ತು, ಅವನು ಕೈ ಹಿಡಿದುಕೊಂಡ, ಅಕ್ಕನ ಹಿರೀ ಮಗ ನೀನು, ಮುಂದಿನ ಹೆಗಲು ನಿಂದೇ, ಆದ್ರೆ ಈ ವೇಷದಲ್ಲಿ ಪೆಟ್ಟಿಗೆ ಮುಟ್ಟೋಕೆ ಸಭೆಯವ್ರು ಒಪ್ಪಲ್ಲ, ಹೀಗೇ ಬರ್ತೀನಿ ಅಂದ್ರೆ ಕೊನೇ ಬೆಂಚಲ್ಲಿ ಕೂತು ಹೋಗು, ನಾನು ತಡೆಯಲ್ಲ, ಒಂದೇ ಒಂದು ದಿನ ಕಣಪ್ಪಾ, ಅಮ್ಮನಿಗೋಸ್ಕರ. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಇದೇ ಚರ್ಚಿನ ಬಾಗಿಲಿಗೆ ಕರೆತರುತ್ತಿದ್ದವನು, ಇವಳು ಹೆಣ್ಣಾಗಿ ಬದುಕತೊಡಗಿದ ವರ್ಷದಿಂದ ಇವಳಿಗಾಗಿ ಉಪವಾಸವಿದ್ದು ಪ್ರಾರ್ಥಿಸುತ್ತ ಬಂದವನು, ದ್ವೇಷಿಸಿದ್ದರೆ ಎಷ್ಟು ಸಲೀಸಾಗಿತ್ತು – ಹೂಂ ಅಂದುಬಿಟ್ಟಳು, ಅಮ್ಮನನ್ನು ಬೇರೆ ಯಾರೋ ಹೊತ್ತುಕೊಂಡು ಹೋಗುವುದನ್ನು ಹಿಂದಿನಿಂದ ನೋಡುತ್ತ ಕೂರುವುದಾದರೂ ಹೇಗೆ. ಅದೋ ಆ ಬೆಂಚು, ಬಾಗಿಲ ಪಕ್ಕದ್ದು, ಇವತ್ತು ಖಾಲಿ. ಒಂದು ಭಾನುವಾರ ಅಮ್ಮ ಇವಳನ್ನು ಕೈಹಿಡಿದು ಮುಂದಿನ ಸಾಲಿಗೆ ಕರೆದೊಯ್ದಿದ್ದಳು, ಆರಾಧನೆ ಮುಗಿದ ಮೇಲೆ ಪಾದ್ರಿ ಅಮ್ಮನ ಹತ್ತಿರ ಬಂದು, ಅವರು ಮುಂದೆ ಕೂತ್ರೆ ಕೆಲವರಿಗೆ ಮುಜುಗರ ಆಗತ್ತಮ್ಮಾ, ಅಂದರು, ಅವನೂ ಅಲ್ಲ ಅವಳೂ ಅಲ್ಲ, ಅವರು, ಎಂಥ ಮರ್ಯಾದೆ. ಅಮ್ಮ ಕನ್ನಡಕ ತೆಗೆದು ಅಂಗಿಯ ತುದಿಯಲ್ಲೇ ಒರೆಸಿಕೊಂಡು, ಹಾಗಾದ್ರೆ ನನಗೂ ಹಿಂದಿನ ಬೆಂಚೇ ಸಾಕು ಸ್ವಾಮೀ, ಹಾಡು ಅಲ್ಲಿಗೂ ಕೇಳಿಸತ್ತೆ, ಅಂದಳು, ಆಮೇಲೆ ಒಂದು ವಾರವೂ ಮುಂದೆ ಕೂರಲಿಲ್ಲ. ಅಮ್ಮ ತನಗಾಗಿ ಹೋಗಿ ಕೂತ ಬೆಂಚಿನಲ್ಲಿ ತಾನು ಅಮ್ಮನಿಗಾಗಿ ಕೂರಲಿಲ್ಲ. ನಡೆ, ನಡೆ, ಹೆಜ್ಜೆ ತಪ್ಪೀತು.

ಸಮಾಧಿಗಳತ್ತ ಜಲ್ಲಿಕಲ್ಲಿನ ದಾರಿ, ಬೂಟಿನಡಿ ಕರಕರ, ಬಿಸಿಲು. ಅಮ್ಮ ಲಾಂಡ್ರಿಯಲ್ಲಿ ಕಂಡವರ ಮನೆಯ ಹಾಸಿಗೆ ಚಾದರಗಳಿಗೆ ಇಸ್ತ್ರಿ ಹಾಕಿ ಹಾಕಿ ಬಲಭುಜ ವಾಲಿಸಿಕೊಂಡವಳು, ಮೊದಮೊದಲು ಇವಳ ಮುಖ ನೋಡದೆ ಬಂದ್ಯಾ, ತಿಂದ್ಯಾ, ಹೊರಟ್ಯಾ ಎಂದಷ್ಟೇ ಕೇಳುತ್ತಿದ್ದಳು, ಆ ಮಾತುಗಳಲ್ಲಿ ಗಂಡು ಹೆಣ್ಣು ಯಾವುದನ್ನೂ ಹೇಳಬೇಕಿಲ್ಲ, ತಾಯಿ ಮಗು ಇಬ್ಬರೂ ಅದರಲ್ಲೇ ಬಚಾವಾಗುತ್ತಿದ್ದರು, ಹಾಗೇ ವರ್ಷಗಳು ಹೋದವು, ಒಂದು ಸಂಜೆ ಕನ್ನಡಕದಂಗಡಿಯ ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ದನಿ ಕೇಳಿತು, ಯಾರು ಬರ್ತಾರೆ ಅಂತ ಇಷ್ಟೆಲ್ಲ ಅಡುಗೆ, ಪಕ್ಕದ ಮನೆಯಾಕೆ ಕೇಳುತ್ತಿದ್ದಾಳೆ, ದೊಡ್ಡ ಮಗಳು ಬರ್ತಾಳೆ, ಅಂದಳು ಅಮ್ಮ, ನಿಮಗೆ ಇಬ್ಬರೂ ಗಂಡುಮಕ್ಕಳಲ್ವಾ, ಅಂದಳು ಆಕೆ, ಅದಕ್ಕೆ ಅಮ್ಮ, ನಾನೂ ಹಾಗೇ ಅಂದ್ಕೊಂಡಿದ್ದೆ ಕಣಮ್ಮಾ, ದೇವರು ಸರಿಯಾಗೇ ಕೊಟ್ಟಿದ್ದ, ನನಗೇ ಗೊತ್ತಾಗೋಕೆ ತಡ ಆಯ್ತು. ಬರ್ತಾಳೆ. ಇವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಆಮೇಲೆ ಆಸ್ಪತ್ರೆ, ಕೊನೆಯ ವಾರಗಳು, ಇವಳು ಅಂಗಡಿಯಲ್ಲಿರುವ ಹೊತ್ತಿನಲ್ಲಿ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅಮ್ಮ ದಿಂಬಿನಿಂದ ತಲೆ ಎತ್ತುತ್ತಿದ್ದಳಂತೆ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ಬಂದವರ ಭುಜದಾಚೆಗೆ ನೋಡುತ್ತಿದ್ದಳಂತೆ, ನರ್ಸ್ ಹೇಳಿದ್ದು, ಮಗಳು ಬಂದ್ಲಾ ಅಂತ ಒಂದೇ ಜಪ ನಿಮ್ಮಮ್ಮಂದು, ಪಾದ್ರಿ ಬಂದು ಪ್ರಾರ್ಥನೆ ಮಾಡಿದಾಗ್ಲೂ ಅವರ ಭುಜದಾಚೆ ಬಾಗಿಲನ್ನೇ ನೋಡ್ತಿದ್ರು.

ಇಳಿಸಿ, ಮೆಲ್ಲಗೆ, ನಿಮ್ಮ ಕಡೆ ಹಗ್ಗ ಸಡಿಲ ಬಿಡಿ – ಹೆಗಲು ಹಗುರಾಯಿತು, ಆಗಲೇ ಹಗುರಾಗಬಾರದಿತ್ತು. ಪಾದ್ರಿ ಪುಸ್ತಕ ಮುಚ್ಚಿ, ಈಗ ದೊಡ್ಡ ಮಗ ಎರಡು ಮಾತು ಹೇಳ್ತಾನೆ, ಅಂದರು. ಎಲ್ಲರೂ ಇವಳ ಮುಖ ನೋಡಿದರು. ಹೇಳು, ಒಂದೇ ಮಾತು, ನಾನು ಅಮ್ಮನ ಮಗಳು, ಮೆಟ್ಟಿಲಿಗೂ ಕೇಳುವಂತೆ ಹೇಳಿದ್ದಳಲ್ಲ ಅಮ್ಮ, ಲಾಂಡ್ರಿಯ ಹೆಂಗಸು, ಯಾರಿಗೂ ಹೆದರದೆ – ತಮ್ಮ ತನ್ನ ಬೂಟಿನ ತುದಿ ನೋಡುತ್ತಿದ್ದಾನೆ, ಮಾವನ ಕೆಂಪು ಕಣ್ಣು, ಬೇಡವಪ್ಪಾ ಎನ್ನುತ್ತಿದೆಯೋ, ಬೇಡುತ್ತಿದೆಯೋ. ನಾನು, ಅಂದಳು. ನಾನು ಅಮ್ಮನ. ನಾವಿಬ್ಬರೂ ಅಮ್ಮನ ಮಕ್ಕಳು, ಅಂದಳು, ಅಮ್ಮ ನಮ್ಮನ್ನು ಚೆನ್ನಾಗಿ ನೋಡಿಕೊಂಡಳು. ಮಕ್ಕಳು. ಗಂಡೂ ಆಗಬಹುದು ಹೆಣ್ಣೂ ಆಗಬಹುದು, ಯಾರಿಗೂ ನೋಯದು. ತಮ್ಮ ಹಿಡಿದಿದ್ದ ಉಸಿರು ಬಿಟ್ಟ ಸದ್ದು ಅವಳಿಗೆ ಕೇಳಿಸಿತು. ಮಾವ ಎದೆಗೆ ಅಪ್ಪಿಕೊಂಡ, ದಾರಿಗೆ ಬಂದ್ಯಲ್ಲಪ್ಪಾ, ನನ್ನ ಪ್ರಾರ್ಥನೆ ಕೇಳಿದ ಕರ್ತ, ಅಕ್ಕ ಇದನ್ನ ನೋಡಬೇಕಿತ್ತು, ಅಂದ, ಅಲ್ಲ ಮಾವಾ ಎನ್ನಲು ಬಾಯಿ ತೆರೆದಳು, ಅವನ ಕೋಟಿನ ಬಟ್ಟೆ ತುಟಿಗೊತ್ತಿತು, ಬಾಯಿ ಮುಚ್ಚಿಕೊಂಡಳು. ಅಕ್ಕ ನೋಡಬೇಕಿತ್ತು. ಅಮ್ಮ ನೋಡುತ್ತಿದ್ದಾಳೆ, ದಿಂಬಿನಿಂದ ತಲೆ ಎತ್ತಿದ್ದಾಳೆ, ಬಾಗಿಲಲ್ಲಿ ಯಾರೋ ಗಿಡ್ಡ ತೋಳಿನ ಕೋಟು ತೊಟ್ಟ ಗಂಡಸು, ಕಣ್ಣು ಕಿರಿದು ಮಾಡಿದ್ದಾಳೆ, ಅಮ್ಮಾ ನಾನೇ, ಅಮ್ಮಾ ಬಂದೆ – ಕತ್ತು ಇನ್ನೂ ತುಸು ಎತ್ತಿದ್ದಾಳೆ, ಕೋಟಿನ ಭುಜದಾಚೆಗೆ ನೋಡುತ್ತಿದ್ದಾಳೆ, ಭುಜದಾಚೆಗೆ, ಬಾಗಿಲಿಗೆ